ನಾಲ್ಕೂ ದಿಕ್ಕಿನ ಸಿಗ್ನಲ್, ಒಂದು ದಿಕ್ಕಿನ ಆಂಟೆನಾ: 4ಜಿ ರೂಟರ್‌ಗೆ ಗೇನ್ ಆರಿಸಿ ಕೂರಿಸುವ ಸಮಗ್ರ ಮಾರ್ಗದರ್ಶಿ

"ದೊಡ್ಡ ಆಂಟೆನಾ ತಂದು ಹಾಕಿದೆ, ಮೊದಲಿದ್ದ ಎರಡು ಕಡ್ಡಿಯೂ ಹೋಯಿತು." ಮಲೆನಾಡಿನ ಕಣಿವೆ ಮನೆಗಳಿಂದ ನನ್ನ ಕಿವಿಗೆ ಬೀಳುವ ದೂರುಗಳಲ್ಲಿ ಇದೇ ಹೆಚ್ಚು. ಹೋಗಿ ನೋಡಿದರೆ ಆಂಟೆನಾ ಕೆಟ್ಟಿರುವುದಿಲ್ಲ, ಕೇಬಲ್ ಕೂಡ ಹೊಸದೇ. ತಪ್ಪಿರುವುದು ಕೆಲಸದ ಕ್ರಮದಲ್ಲಿ. ಸಿಗ್ನಲ್ ಯಾವ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ನೋಡುವ ಮೊದಲೇ ಡಬ್ಬದ ಮೇಲಿನ ಡಿಬಿಐ ಅಂಕಿ ನೋಡಿ ದುಡ್ಡು ಕೊಟ್ಟಿರುತ್ತಾರೆ. ಈ ಬರಹದ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಅಳತೆ ಮೊದಲು, ಖರೀದಿ ಆಮೇಲೆ.

ಶುರುಮಾಡುವ ಮೊದಲು: ಗೇನ್ ಎಲ್ಲಿಂದ ಬರುತ್ತದೆ

ಅಕ್ಕಿ ರೊಟ್ಟಿಗೆ ಕಲಸಿದ ಹಿಟ್ಟಿನ ಉಂಡೆಯನ್ನು ನೆನಪಿಸಿಕೊಳ್ಳಿ. ದುಂಡಗಿದ್ದಾಗ ಎಲ್ಲ ಕಡೆಗೂ ಸಮ. ತಟ್ಟಿದರೆ ಅಗಲವಾಗುತ್ತದೆ, ದಪ್ಪ ಹೋಗುತ್ತದೆ. ಒಂದೇ ಕಡೆಗೆ ಎಳೆದರೆ ಅತ್ತ ಉದ್ದವಾಗುತ್ತದೆ, ಮಿಕ್ಕ ಕಡೆ ಸಣ್ಣಗಾಗುತ್ತದೆ. ಹಿಟ್ಟು ಮಾತ್ರ ಇದ್ದಷ್ಟೇ. ಆಂಟೆನಾದ ಗೇನ್ ಎಂದರೆ ಹೀಗೆ ಒಂದು ಕಡೆಗೆ ಎಳೆದದ್ದು. ಆಂಟೆನಾ ಹೊಸ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಬೇರೆ ದಿಕ್ಕುಗಳ ಪಾಲನ್ನು ಕಿತ್ತು ಒಂದು ದಿಕ್ಕಿಗೆ ಕೊಡುತ್ತದೆ.

ಡಿಬಿಐ ಎನ್ನುವುದು ಎಲ್ಲ ದಿಕ್ಕಿಗೂ ಸಮನಾಗಿರುವ ಕಾಲ್ಪನಿಕ ಆಂಟೆನಾಕ್ಕೆ ಹೋಲಿಸಿ ಹೇಳುವ ಅಳತೆ. 3 ಡಿಬಿ ಹೆಚ್ಚಾದರೆ ಶಕ್ತಿ 2 ಪಟ್ಟು, 10 ಡಿಬಿಗೆ 10 ಪಟ್ಟು, 20 ಡಿಬಿಗೆ 100 ಪಟ್ಟು. ಈ ಹೆಚ್ಚಳ ಸಿಗುವುದು ಆಂಟೆನಾ ಮುಖ ಮಾಡಿದ ದಿಕ್ಕಿನಿಂದ ಬಂದದ್ದಕ್ಕೆ ಮಾತ್ರ. ಎಲ್ಲ ದಿಕ್ಕುಗಳನ್ನೂ, ಮೇಲೆ ಕೆಳಗೆ ಸೇರಿಸಿ, ಸರಾಸರಿ ತೆಗೆದರೆ ನಷ್ಟವಿಲ್ಲದ ಯಾವ ಆಂಟೆನಾದ ಲೆಕ್ಕವೂ 1ಕ್ಕೇ ಬಂದು ನಿಲ್ಲುತ್ತದೆ. ಹಾಗಾಗಿ ಸಿಗ್ನಲ್ ಎಲ್ಲ ಕಡೆಯಿಂದಲೂ ಸಮನಾಗಿ ಬರುತ್ತಿದ್ದರೆ 2 ಡಿಬಿಐ ಆಂಟೆನಾ ಹಿಡಿಯುವ ಒಟ್ಟು ಶಕ್ತಿಯೂ 20 ಡಿಬಿಐ ಆಂಟೆನಾ ಹಿಡಿಯುವ ಒಟ್ಟು ಶಕ್ತಿಯೂ ಒಂದೇ. ಇದನ್ನು ಒಮ್ಮೆ ನಿಧಾನವಾಗಿ ಓದಿಕೊಳ್ಳಿ. ಮುಂದಿನ ಹಂತಗಳೆಲ್ಲ ಇದರ ಮೇಲೇ ನಿಂತಿವೆ.

ಬೇಕಾಗುವ ಸಾಮಾನು

ಹೊರಗಿನ ಆಂಟೆನಾ ಜೋಡಿಸಲು ತೂತಿರುವ 4ಜಿ ರೂಟರ್. ಅದರ ಸೆಟ್ಟಿಂಗ್ ಪುಟದಲ್ಲಿ ಆರ್‌ಎಸ್‌ಆರ್‌ಪಿ, ಎಸ್‌ಐಎನ್‌ಆರ್, ಬ್ಯಾಂಡ್ ಮತ್ತು ಪಿಸಿಐ ಕಾಣಿಸಬೇಕು (ಇವು ಏನೆಂದು ಹಂತ 1ರಲ್ಲಿದೆ). ಮೊಬೈಲಿನಲ್ಲಿ ದಿಕ್ಸೂಚಿ. 9ರಿಂದ 11 ಡಿಬಿಐನ ಒಂದು ಲಾಗ್ ಪೀರಿಯಾಡಿಕ್ ಆಂಟೆನಾ, ಅಂದರೆ ಮೀನಿನ ಮುಳ್ಳಿನ ಹಾಗೆ ಒಂದು ತುದಿ ಚೂಪಾಗಿರುವಂಥದ್ದು (ಆ ಚೂಪು ತುದಿಯೇ ಅದರ ಮುಖ). ಅದನ್ನು ಎರವಲು ತಂದರೂ ಸಾಕು, ಈಗಲೇ ಕೊಳ್ಳಬೇಡಿ. ಒಂದು ನೋಟ್‌ಬುಕ್, ಉದ್ದನೆಯ ಬಿದಿರು.

ಬಿದಿರು ಎಂದೇ ಹೇಳಲು ಕಾರಣವಿದೆ. ಈಗ ಅಡಿಕೆ ಕೊಯ್ಲಿಗೆ ಮನೆ ಮನೆಗೂ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರವಾಗಿದೆ ಎಂದು ಅದಕ್ಕೇ ಆಂಟೆನಾ ಕಟ್ಟಿ ಎತ್ತುವವರಿದ್ದಾರೆ. ಕಾರ್ಬನ್ ಫೈಬರಿನಲ್ಲೂ ಅಲ್ಯೂಮಿನಿಯಂನಲ್ಲಿ ಹರಿದ ಹಾಗೆಯೇ ಕರೆಂಟ್ ಹರಿಯುತ್ತದೆ. ವಿದ್ಯುತ್ ತಂತಿ ಹಾದುಹೋಗಿರುವ ಅಂಗಳದಲ್ಲಿ ಇವೆರಡನ್ನೂ ಎತ್ತಬೇಡಿ. ಬಿದಿರು ಕೂಡ ಒಣಗಿದ್ದಾಗ ಮಾತ್ರ, ತಂತಿಯಿಂದ ದೂರದಲ್ಲಿ.

ಹಂತ 1: ಈಗಿರುವ ಸ್ಥಿತಿಯನ್ನು ಅಂಕಿಯಲ್ಲಿ ಬರೆದುಕೊಳ್ಳಿ

ಕಡ್ಡಿಗಳನ್ನು ನಂಬಬೇಡಿ. ಒಂದೊಂದು ಕಂಪನಿಯ ರೂಟರ್ ಒಂದೊಂದು ರೀತಿ ಕಡ್ಡಿ ತೋರಿಸುತ್ತದೆ. ಆರ್‌ಎಸ್‌ಆರ್‌ಪಿ ಎಂದರೆ ನಿಮ್ಮ ಟವರಿನಿಂದ ಬಂದ ಶಕ್ತಿ. ಅದನ್ನು ಡಿಬಿಎಂನಲ್ಲಿ, ಅಂದರೆ ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿಯಲ್ಲಿ ಹೇಳುತ್ತಾರೆ, ಸೊನ್ನೆಗೆ ಹತ್ತಿರವಾದಷ್ಟೂ ಗಟ್ಟಿ. -80 ಡಿಬಿಎಂ ಚೆನ್ನಾಗಿದೆ, -100 ಸುಮಾರು, -110 ದಾಟಿದರೆ ಕಷ್ಟ, -120ರ ಹತ್ತಿರ ಸಂಪರ್ಕವೇ ತಪ್ಪುತ್ತದೆ. ಎಸ್‌ಐಎನ್‌ಆರ್ ಎಂದರೆ ನಿಮಗೆ ಬೇಕಾದ ಸಿಗ್ನಲ್ ಬೇಡದ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬುದು. 20 ಇದ್ದರೆ ಬಹಳ ಒಳ್ಳೆಯದು. ಸೊನ್ನೆಗಿಂತ ಕೆಳಗಿಳಿದರೆ ಪುಟ ತೆರೆಯುವುದೇ ತ್ರಾಸ.

ರೂಟರನ್ನು ಮನೆಯ ಹೊರಗೆ, ಅಂಗಳದಲ್ಲಿ ಇಟ್ಟು ಅದರದೇ ಸಣ್ಣ ಆಂಟೆನಾದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಳತೆ ತೆಗೆಯಿರಿ. ಜೊತೆಗೆ ಬ್ಯಾಂಡ್ ಮತ್ತು ಪಿಸಿಐ ಬರೆಯಿರಿ. ಪಿಸಿಐ ಎಂದರೆ 0ರಿಂದ 503ರ ಒಳಗಿನ ಒಂದು ಸಂಖ್ಯೆ, ರೂಟರ್ ಈಗ ಯಾವ ಟವರಿನ ಯಾವ ಮುಖವನ್ನು ಹಿಡಿದಿದೆ ಎಂದು ಅದರಿಂದ ಗೊತ್ತಾಗುತ್ತದೆ. ಈ ಸಂಖ್ಯೆ ಬರೆಯದೆ ಅಳತೆ ತೆಗೆದವರ ಇಡೀ ದಿನದ ಕೆಲಸ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. ನಡುವೆ ರೂಟರ್ ಬೇರೆ ಟವರಿಗೆ ಹಾರಿದ್ದರೆ ಹೋಲಿಸಿದ್ದೆಲ್ಲ ತಪ್ಪು.

ಬ್ಯಾಂಡ್ ಎಂದರೆ ಟವರ್ ಬಳಸುವ ತರಂಗದ ಆವರ್ತನ, ಮೆಗಾಹರ್ಟ್ಸ್ ಲೆಕ್ಕದಲ್ಲಿ. ಅದು ಏಕೆ ಮುಖ್ಯ? ಆಂಟೆನಾ ಗಾಳಿಯಿಂದ ಶಕ್ತಿ ಸೆಳೆಯುವ "ಜಾಗ" ತರಂಗದ ಉದ್ದದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಗೇನ್ 1 ಆಗಿದ್ದರೆ 850 ಮೆಗಾಹರ್ಟ್ಸ್‌ನಲ್ಲಿ ಆ ಜಾಗ ಸುಮಾರು 99 ಚದರ ಸೆಂಟಿಮೀಟರ್, 1800ರಲ್ಲಿ 22, 2300ರಲ್ಲಿ ಬರೀ 13.5. ಗೇನ್ ಒಂದೇ ಇದ್ದರೂ 850ಕ್ಕೂ 2300ಕ್ಕೂ ನಡುವೆ 8.6 ಡಿಬಿ ಅಂತರ ಬೀಳುತ್ತದೆ. ಬೇರೆ ಬೇರೆ ಬ್ಯಾಂಡಿನ ಅಂಕಿಗಳನ್ನು ಒಂದೇ ಸಾಲಿನಲ್ಲಿಟ್ಟು "ಈ ಆಂಟೆನಾ ಚೆನ್ನಾಗಿದೆ, ಆ ಆಂಟೆನಾ ಚೆನ್ನಾಗಿಲ್ಲ" ಎನ್ನುವ ಹಾಗಿಲ್ಲ. ರೂಟರಿನಲ್ಲಿ ಬ್ಯಾಂಡ್ ಲಾಕ್ ಇದ್ದರೆ ಅಳತೆ ಮುಗಿಯುವವರೆಗೂ ಒಂದಕ್ಕೇ ಕಟ್ಟಿಹಾಕಿ.

ಹಂತ 2: ಹನ್ನೆರಡು ದಿಕ್ಕಿನ ಅಳತೆ

ಇದು ಈ ಮಾರ್ಗದರ್ಶಿಯ ಹೃದಯ. ಜನ ತಪ್ಪಿಸಿಕೊಳ್ಳುವುದೂ ಇದನ್ನೇ.

ಎರವಲು ತಂದ ಆಂಟೆನಾವನ್ನು ಬಿದಿರಿಗೆ ಕಟ್ಟಿ, ಮುಂದೆ ಎಲ್ಲಿ ಕಂಬ ನಿಲ್ಲಿಸಬೇಕೆಂದಿದ್ದೀರೋ ಅಲ್ಲೇ ಎತ್ತಿ ಹಿಡಿಯಿರಿ. ಉತ್ತರದಿಂದ ಶುರುಮಾಡಿ 30 ಡಿಗ್ರಿಗೊಮ್ಮೆ ತಿರುಗಿಸುತ್ತಾ ಒಟ್ಟು 12 ಅಳತೆ ತೆಗೆಯಿರಿ. ಪ್ರತಿ ದಿಕ್ಕಿನಲ್ಲೂ ಅರ್ಧ ನಿಮಿಷ ಅಲುಗಾಡದೆ ಕಾಯಿರಿ, ರೂಟರಿನ ಅಂಕಿ ನಿಧಾನಕ್ಕೆ ಬದಲಾಗುತ್ತದೆ. ಒಬ್ಬರು ತಿರುಗಿಸಲಿ, ಇನ್ನೊಬ್ಬರು ಬರೆಯಲಿ. ಆಂಟೆನಾದ ಮುಂದೆ ಯಾರೂ ನಿಲ್ಲಬಾರದು, ನಮ್ಮ ಮೈ ಈ ತರಂಗಗಳನ್ನು ಚೆನ್ನಾಗಿಯೇ ಹೀರುತ್ತದೆ.

ಈಗ ಸರಾಸರಿ. ಡಿಬಿಎಂ ಅಂಕಿಗಳನ್ನು ನೇರವಾಗಿ ಕೂಡಿಸಿ ಭಾಗಿಸಬೇಡಿ, ಲೆಕ್ಕ ಕೆಡುತ್ತದೆ. -120 ಅನ್ನು 1 ಎಂದು ಇಟ್ಟುಕೊಳ್ಳಿ. ಅದಕ್ಕಿಂತ 3 ಡಿಬಿ ಮೇಲಿದ್ದರೆ 2, 6ಕ್ಕೆ 4, 10ಕ್ಕೆ 10, 20ಕ್ಕೆ 100. ಹೀಗೆ ಬದಲಾಯಿಸಿ ಕೂಡಿ, 12ರಿಂದ ಭಾಗಿಸಿ, ಮತ್ತೆ ಡಿಬಿಎಂಗೆ ತನ್ನಿ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಗದ್ದೆ ಬಯಲಿಗೆ ತೆರೆದುಕೊಂಡ ಮನೆ. ರೂಟರಿನ ಸಣ್ಣ ಆಂಟೆನಾದಲ್ಲಿ -107. ಹನ್ನೆರಡು ಅಳತೆಯಲ್ಲಿ 120 ಡಿಗ್ರಿಗೆ -99, ಅದರ ಆಚೀಚೆ -102, ಅದರಾಚೆ ಒಂದು ಬದಿ -108, ಇನ್ನೊಂದು ಬದಿ -109, ಉಳಿದ ಏಳೂ ಕಡೆ -119ರ ಆಸುಪಾಸು. ಮೇಲಿನ ಲೆಕ್ಕದಲ್ಲಿ 126, 63, 63, 16, 13, ಉಳಿದ ಏಳೂ ಸೇರಿ 9. ಒಟ್ಟು 290. 12ರಿಂದ ಭಾಗಿಸಿದರೆ 24, ಅಂದರೆ ಸುಮಾರು -106.

ಸರಾಸರಿ ಸಣ್ಣ ಆಂಟೆನಾದ -107ರ ಹತ್ತಿರವೇ ಬಂತು, ನೋಡಿ. ಆಂಟೆನಾ ಬದಲಾದರೂ ಸುತ್ತಲಿನ ಒಟ್ಟು ಸಿಗ್ನಲ್ ಹೆಚ್ಚಾಗಿಲ್ಲ. ಒಂದೇ ದಿಕ್ಕಿಗೆ ಮುಖ ಮಾಡಿದ್ದರಿಂದ ಅಲ್ಲಿ -99 ಸಿಕ್ಕಿದೆ, ಬೆನ್ನ ಹಿಂದೆ -119ಕ್ಕೆ ಇಳಿದಿದೆ. ಊಹೆಯ ಮೇಲೆ ಕಟ್ಟಿದ ಆಂಟೆನಾದ ಬೆನ್ನು ಟವರಿನ ಕಡೆ ಬಿದ್ದರೆ ಇದ್ದ ಎರಡು ಕಡ್ಡಿ ಹೋಗುವುದು ಹೀಗೆಯೇ.

ಹಂತ 3: ಅಳತೆ ಏನು ಹೇಳುತ್ತಿದೆ

ಅತಿ ಹೆಚ್ಚಿನ ಅಳತೆಯಿಂದ ಸರಾಸರಿಯನ್ನು ಕಳೆಯಿರಿ. ನನ್ನ ಅನುಭವದಲ್ಲಿ ತೀರ್ಮಾನ ಹೀಗೆ.

ಅಂತರ 6 ಡಿಬಿಗಿಂತ ಹೆಚ್ಚಿದ್ದರೆ ಸಿಗ್ನಲ್ ಒಂದು ದಿಕ್ಕಿನಿಂದ ಬರುತ್ತಿದೆ, ಗೇನ್‌ಗೆ ಹಾಕುವ ದುಡ್ಡು ಸಾರ್ಥಕ. ಮೇಲಿನ ಮನೆಯಲ್ಲಿ ಅಂತರ 7. ಆ ಮನೆಯವರು ನಿಶ್ಚಿಂತೆಯಿಂದ ಮುಂದಿನ ಹಂತಕ್ಕೆ ಹೋಗಬಹುದು.

ಅಂತರ 3ಕ್ಕಿಂತ ಕಡಿಮೆ ಇದ್ದರೆ, ಅಂದರೆ ಎತ್ತ ತಿರುಗಿಸಿದರೂ -105ರಿಂದ -109ರ ಒಳಗೇ ಆಡುತ್ತಿದ್ದರೆ, ದೊಡ್ಡ ಆಂಟೆನಾ ಕೊಳ್ಳಬೇಡಿ. ಮೂರೂ ಕಡೆ ಗುಡ್ಡ, ಮುಂದೆ ಅಡಿಕೆ ತೋಟ, ಹಿಂದೆ ದರೆ ಇರುವ ಮನೆಗಳ ಕಥೆ ಇದು. ಟವರ್ ನೇರವಾಗಿ ಕಾಣುವುದಿಲ್ಲ. ಸಿಗ್ನಲ್ ಗುಡ್ಡಕ್ಕೆ ಬಡಿದು, ಮರಗಳಲ್ಲಿ ಚದುರಿ, ಎಲ್ಲ ಕಡೆಯಿಂದ ಚೂರುಚೂರಾಗಿ ಬರುತ್ತದೆ. 15 ಡಿಬಿಐ ಆಂಟೆನಾ ಒಂದು ದಿಕ್ಕಿನ ಚೂರನ್ನು ದೊಡ್ಡದು ಮಾಡಿ ಉಳಿದದ್ದನ್ನೆಲ್ಲ ಬಿಡುತ್ತದೆ. ಲಾಭಕ್ಕೂ ನಷ್ಟಕ್ಕೂ ಸರಿಹೋಗುತ್ತದೆ. ಇಂಥ ಮನೆಯವರು ಆ ದುಡ್ಡನ್ನು ಎತ್ತರಕ್ಕೆ ಹಾಕಿ. ಮನೆ ಹಿಂದಿನ ದರೆಯ ಮೇಲೆ, ಬ್ಯಾಣದ ತುದಿಯಲ್ಲಿ ನಿಂತು ಹಂತ 2 ಮತ್ತೆ ಮಾಡಿ. ಟವರ್ ಕಾಣುವ ಜಾಗ ಸಿಕ್ಕರೆ ಅಂತರ ತಾನಾಗಿಯೇ ಏರುತ್ತದೆ.

3ಕ್ಕೂ 6ಕ್ಕೂ ನಡುವೆ ಇದ್ದರೆ 9ರಿಂದ 11 ಡಿಬಿಐ ಸಾಕು, ಅದಕ್ಕಿಂತ ಮೇಲೆ ಹೋಗಬೇಡಿ.

ಇನ್ನೊಂದು ಸಂಗತಿ ಆರ್‌ಎಸ್‌ಆರ್‌ಪಿಯಲ್ಲಿ ಕಾಣುವುದಿಲ್ಲ. ಎದುರುಬದುರು ಗುಡ್ಡಗಳ ಎರಡು ಟವರ್ ಒಂದೇ ಬ್ಯಾಂಡಿನಲ್ಲಿ ಕೂಗುತ್ತಿದ್ದರೆ ಆರ್‌ಎಸ್‌ಆರ್‌ಪಿ -90 ಇದ್ದರೂ ಎಸ್‌ಐಎನ್‌ಆರ್ 2 ಇರಬಹುದು. ಇಲ್ಲಿ ಗೇನ್ ಆಂಟೆನಾದ ನಿಜವಾದ ಉಪಯೋಗ ಮುಂದಿನದನ್ನು ದೊಡ್ಡದು ಮಾಡುವುದಲ್ಲ, ಬೆನ್ನ ಹಿಂದಿನದನ್ನು ಕೇಳದಂತೆ ಮಾಡುವುದು. ಎರಡೂ ಟವರ್ ಒಂದೇ ದಿಕ್ಕಿನಲ್ಲಿ ಹಿಂದೆ ಮುಂದೆ ಇದ್ದರೆ ಮಾತ್ರ ಗೇನ್ ಎರಡನ್ನೂ ಸಮನಾಗಿ ಎತ್ತುತ್ತದೆ, ಪ್ರಯೋಜನವಿಲ್ಲ. ಆಗ ಬೇರೆ ಬ್ಯಾಂಡ್ ಅಥವಾ ಬೇರೆ ಕಂಪನಿಯ ಸಿಮ್ ನೋಡುವುದೇ ದಾರಿ.

ಹಂತ 4: ಗೇನ್ ಆರಿಸುವುದು, ಡಬ್ಬದ ಅಂಕಿಯನ್ನು ಪರೀಕ್ಷಿಸುವುದು

ಗೇನ್ ಹೆಚ್ಚಿದಷ್ಟೂ ಆಂಟೆನಾ ಹೊರಗೆ ನೋಡುವ ಕಿಂಡಿ ಕಿರಿದಾಗುತ್ತದೆ. 10 ಡಿಬಿಐಗೆ ಸುಮಾರು 55 ಡಿಗ್ರಿ ಅಗಲ, 15ಕ್ಕೆ 30, 24ರ ಜಾಲರಿ ಡಿಶ್‌ಗೆ 10ರ ಆಸುಪಾಸು. 10 ಡಿಗ್ರಿ ಅಗಲ ಎಂದರೆ ಗುರಿ 5 ಡಿಗ್ರಿ ತಪ್ಪಿದರೆ ಅರ್ಧ ಶಕ್ತಿ ಹೋಯಿತು. ಜೂನ್ ಗಾಳಿಗೆ ಕಂಬ ಅಷ್ಟು ತಿರುಗುವುದು ಏನೂ ದೊಡ್ಡದಲ್ಲ. ಮೊದಲ ಸಲ ಮಾಡುವವರು 9ರಿಂದ 15ರ ಒಳಗೇ ಇರಿ ಎಂಬುದು ನನ್ನ ಒತ್ತಾಯ.

ಡಬ್ಬದ ಮೇಲೆ "40 ಡಿಬಿಐ" ಎಂದು ಬರೆದು ಗೇಣುದ್ದದ ಆಂಟೆನಾ ಮಾರುತ್ತಾರೆ. ನಿಜವೇ ಎಂದು ಮನೆಯಲ್ಲೇ ಲೆಕ್ಕ ಹಾಕಬಹುದು. 1800 ಮೆಗಾಹರ್ಟ್ಸ್‌ನಲ್ಲಿ ಗೇನ್ 1ಕ್ಕೆ 22 ಚದರ ಸೆಂಟಿಮೀಟರ್ ಎಂದೆವು. 40 ಡಿಬಿಐ ಎಂದರೆ 10,000 ಪಟ್ಟು, ಅಂದರೆ 22 ಚದರ ಮೀಟರ್. ಸ್ವಲ್ಪವೂ ನಷ್ಟವಿಲ್ಲದ ಡಿಶ್ ಆದರೂ 5 ಮೀಟರಿಗಿಂತ ಅಗಲ ಬೇಕು. ಒಂದಡಿ ಉದ್ದ, ಒಂದಡಿ ಅಗಲದ ಚಪ್ಪಟೆ ಪ್ಯಾನೆಲ್ 900 ಚದರ ಸೆಂಟಿಮೀಟರ್ ಚಿಲ್ಲರೆ. ಅದನ್ನು 22ರಿಂದ ಭಾಗಿಸಿದರೆ 41 ಪಟ್ಟು, ಹೆಚ್ಚೆಂದರೆ 16 ಡಿಬಿಐ. ಅದರ ಮೇಲೆ 25 ಎಂದು ಬರೆದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಗೇನ್ ಅಂಕಿ ಆಯಾ ಬ್ಯಾಂಡಿಗೆ ಮಾತ್ರ ಸಲ್ಲುತ್ತದೆ. ವೈಫೈಗೆ ಮಾಡಿದ 2400 ಮೆಗಾಹರ್ಟ್ಸ್ ಜಾಲರಿ ಡಿಶ್ ತಂದು 850ರ ಸಿಗ್ನಲ್ ಹಿಡಿಯಲು ಹೋಗಿ ಕೈಸುಟ್ಟುಕೊಂಡವರನ್ನು ಕಂಡಿದ್ದೇನೆ.

ಎಲ್ಲ ದಿಕ್ಕಿಗೂ ಹಿಡಿಯುವ ಕೋಲಿನಂಥ ಆಂಟೆನಾಕ್ಕೂ 8, 9 ಡಿಬಿಐ ಇರುತ್ತದಲ್ಲ ಎಂದು ಕೇಳುತ್ತಾರೆ. ಅದೂ ತಟ್ಟಿದ ರೊಟ್ಟಿಯೇ. ಸುತ್ತಲೂ ಅಗಲವಾಗಿ, ಮೇಲೆ ಕೆಳಗೆ ತೆಳುವಾಗಿರುತ್ತದೆ, 9 ಡಿಬಿಐಗೆ ಸುಮಾರು 14 ಡಿಗ್ರಿ ದಪ್ಪ. ಅಂದರೆ ಸಮತಟ್ಟಿನಿಂದ 7 ಡಿಗ್ರಿ ಮೇಲೆ, 7 ಕೆಳಗೆ. ನಿಮ್ಮ ಟವರ್ 600 ಮೀಟರ್ ದೂರದಲ್ಲಿ, 200 ಮೀಟರ್ ಎತ್ತರದ ಗುಡ್ಡದ ತಲೆಯ ಮೇಲಿದ್ದರೆ ಅದು 18 ಡಿಗ್ರಿ ಮೇಲಿದೆ. ರೊಟ್ಟಿ ಅದರ ಬುಡದಲ್ಲೇ ಹಾದುಹೋಗುತ್ತದೆ. ಅಲ್ಲಿ 2 ಡಿಬಿಐನ ಸಣ್ಣ ಆಂಟೆನಾವೇ ಗೆಲ್ಲುತ್ತದೆ.

ಹಂತ 5: ಕೇಬಲ್ ಲೆಕ್ಕ

ಆಂಟೆನಾ ಗಳಿಸಿದ್ದನ್ನು ಕೇಬಲ್ ತಿನ್ನುತ್ತದೆ. 1800 ಮೆಗಾಹರ್ಟ್ಸ್‌ನಲ್ಲಿ 10 ಮೀಟರ್ ಆರ್‌ಜಿ-58 ಕೇಬಲ್ 8ರಿಂದ 10 ಡಿಬಿ ತಿನ್ನುತ್ತದೆ. ಹಂತ 2ರ ಮನೆಯವರು ಗಳಿಸಿದ್ದು -107ರಿಂದ -99ಕ್ಕೆ, 8 ಡಿಬಿ. ಈ ಕೇಬಲ್ ಹಾಕಿದರೆ ಅಷ್ಟೂ ಅಲ್ಲಿಗೇ ಮುಗಿಯಿತು. ಎಲ್‌ಎಂಆರ್-200 ಆದರೆ ಅಷ್ಟೇ ಉದ್ದಕ್ಕೆ 5ರ ಹತ್ತಿರ, ಎಲ್‌ಎಂಆರ್-400 ಆದರೆ 2. ಕೇಬಲ್ ಕೊಳ್ಳುವ ಮೊದಲು ಗೇನ್‌ನಿಂದ ಈ ಅಂಕಿ ಕಳೆಯಿರಿ, ಉಳಿದದ್ದೇ ನಿಮ್ಮ ನಿಜವಾದ ಲಾಭ. ಕಳುಹಿಸುವಾಗಲೂ ಇದೇ ಲೆಕ್ಕ. ರೂಟರ್ ಹೊರಡಿಸುವುದೇ ಹೆಚ್ಚೆಂದರೆ 200 ಮಿಲಿವ್ಯಾಟ್, ಅದರಲ್ಲೂ ಕೇಬಲ್ ಪಾಲು ಕೇಳುತ್ತದೆ.

ನಾನು ಮೆಚ್ಚುವ ದಾರಿ ಬೇರೆ. ರೂಟರನ್ನೇ ಮಳೆ ತಾಗದ ಡಬ್ಬದಲ್ಲಿಟ್ಟು ಕಂಬಕ್ಕೆ ಕಟ್ಟಿ, ಆಂಟೆನಾಕ್ಕೆ ಒಂದು ಮೀಟರ್ ಕೇಬಲ್ ಕೊಟ್ಟು, ಅಲ್ಲಿಂದ ಮನೆಗೆ ನೆಟ್‌ವರ್ಕ್ ಕೇಬಲ್ ಎಳೆಯುವುದು. ಅದು 100 ಮೀಟರ್‌ವರೆಗೂ ಏನನ್ನೂ ಕಳೆಯದೆ ತರುತ್ತದೆ, ಪಿಒಇ ಅಡಾಪ್ಟರ್ ಹಾಕಿದರೆ ಅದರಲ್ಲೇ ವಿದ್ಯುತ್ತೂ ಹೋಗುತ್ತದೆ.

ಕನೆಕ್ಟರ್ ವಿಷಯದಲ್ಲಿ ಒಂದು ಕಣ್ಣಿಗೆ ಕಾಣದ ಬಲೆ ಇದೆ. ಎಸ್‌ಎಂಎ, ಆರ್‌ಪಿ-ಎಸ್‌ಎಂಎ ಎಂಬ ಎರಡು ಬಗೆಯ ಕನೆಕ್ಟರಿನ ತಿರುಪಿನ ಸುತ್ತುಗಳೂ ಒಂದೇ, ಸಲೀಸಾಗಿ ತಿರುಗಿ ಬಿಗಿಯಾಗುತ್ತದೆ. ಆದರೆ ರೂಟರಿನ ನಡುವೆ ತೂತು, ಆಂಟೆನಾದ ನಡುವೆಯೂ ತೂತು ಇದ್ದರೆ ಒಳಗೆ ಒಂದಕ್ಕೊಂದು ತಾಗುವುದೇ ಇಲ್ಲ. ಬಿಗಿಯುವ ಮೊದಲು ಬೆಳಕಿಗೆ ಹಿಡಿದು ನೋಡಿ: ಒಂದರಲ್ಲಿ ಸೂಜಿ, ಇನ್ನೊಂದರಲ್ಲಿ ತೂತು ಇರಲೇಬೇಕು.

ಹಂತ 6: ಕೂರಿಸಿ, ಗುರಿ ಹಿಡಿಯುವುದು

4ಜಿ ಟವರ್‌ಗಳು ಸಾಮಾನ್ಯವಾಗಿ ಎಡಕ್ಕೂ ಬಲಕ್ಕೂ 45 ಡಿಗ್ರಿ ವಾಲಿದ ಎರಡು ತರಂಗಗಳಲ್ಲಿ ಕಳುಹಿಸುತ್ತವೆ. ಅದಕ್ಕೇ ರೂಟರಿನಲ್ಲಿ ಎರಡು ತೂತು. ಒಂದೇ ಆಂಟೆನಾ ಹಾಕಿ ಇನ್ನೊಂದು ತೂತನ್ನು ಖಾಲಿ ಬಿಟ್ಟರೆ ಆರ್‌ಎಸ್‌ಆರ್‌ಪಿ ಏರಿದರೂ ವೇಗ ಏರದೆ ಕೂರಬಹುದು. ಒಂದೇ ಬಗೆಯ ಎರಡು ಆಂಟೆನಾ ತೆಗೆದುಕೊಂಡು, ಗುಣಾಕಾರದ ಚಿಹ್ನೆಯಂತೆ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ 45 ಡಿಗ್ರಿ ವಾಲಿಸಿ, ಎರಡನ್ನೂ ಒಂದೇ ದಿಕ್ಕಿಗೆ ಕಟ್ಟಿ.

ಹಂತ 2ರಲ್ಲಿ ಸಿಕ್ಕ ದಿಕ್ಕಿನಿಂದ ಶುರುಮಾಡಿ, 5 ಡಿಗ್ರಿಯಂತೆ ಆಚೀಚೆ ಸರಿಸಿ. ಈಗ ನೋಡಬೇಕಾದದ್ದು ಎಸ್‌ಐಎನ್‌ಆರ್. ಅದು ಅತಿ ಹೆಚ್ಚಿರುವ ಜಾಗ ಆರ್‌ಎಸ್‌ಆರ್‌ಪಿ ಅತಿ ಹೆಚ್ಚಿರುವ ಜಾಗದಿಂದ ಸ್ವಲ್ಪ ಸರಿದಿದ್ದರೆ ಎಸ್‌ಐಎನ್‌ಆರ್ ಹೇಳಿದ್ದನ್ನೇ ಕೇಳಿ. ಆಮೇಲೆ ಮೂತಿಯನ್ನು ಮೇಲಕ್ಕೂ ಎತ್ತಿ ನೋಡಿ. ಕಣಿವೆ ಮನೆಗಳಲ್ಲಿ ಇದನ್ನು ಯಾರೂ ಮಾಡುವುದಿಲ್ಲ, ಅಲ್ಲೇ ಎರಡು ಮೂರು ಡಿಬಿ ಅಡಗಿರುತ್ತದೆ. ಮ್ಯಾಪಿನಲ್ಲಿ ಕಾಣುವ ಟವರಿನ ದಿಕ್ಕು ಬೇರೆ, ಅಳತೆ ತೋರಿಸುವ ದಿಕ್ಕು ಬೇರೆ ಆದರೆ ಗಾಬರಿ ಬೇಡ. ಎದುರು ಗುಡ್ಡದಿಂದ ಬಡಿದು ಬರುವ ಸಿಗ್ನಲ್ ನೇರ ದಾರಿಯದ್ದಕ್ಕಿಂತ ಗಟ್ಟಿಯಾಗಿರಬಹುದು. ಅಳತೆಯನ್ನು ನಂಬಿ, ಕೊನೆಗೆ ಸಿಕ್ಕ ಅಂಕಿಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ.

ಹಂತ 7: ಮಳೆ ಮತ್ತು ಸಿಡಿಲಿಗೆ ಸಿದ್ಧತೆ

ಹೊರಗಿನ ಕನೆಕ್ಟರ್‌ಗಳಿಗೆ ಎಳೆದು ಸುತ್ತಿದರೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಮೇಲೆ ಮಾಮೂಲಿ ಕಪ್ಪು ಟೇಪ್. ಕೇಬಲ್ ಗೋಡೆಯೊಳಗೆ ಹೋಗುವ ಮೊದಲು ಒಂದು ಇಳಿ ಬಳುಕು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಕಬ್ಬಿಣದ ಕಂಬಕ್ಕೆ ದಪ್ಪ ತಾಮ್ರದ ತಂತಿಯಲ್ಲಿ ಅರ್ಥಿಂಗ್ ಮಾಡಿಸಿ. ಏಪ್ರಿಲ್, ಮೇ, ಅಕ್ಟೋಬರ್‌ನ ಗುಡುಗಿನ ಸಂಜೆಗಳಲ್ಲಿ ಮೋಡ ಕಟ್ಟುವಾಗಲೇ ಮನೆಗೆ ಬರುವ ಕೇಬಲ್ ಕಳಚಿಡಿ. ಸಿಡಿಲು ನೇರವಾಗಿ ಬಡಿದರೆ ಯಾವ ಅರೆಸ್ಟರ್ ಕೂಡ ತಡೆಯುವುದಿಲ್ಲ.

ಈ ಲಕ್ಷಣ ಕಂಡರೆ ನಿಲ್ಲಿಸಿ

ಆರ್‌ಎಸ್‌ಆರ್‌ಪಿ 8 ಡಿಬಿ ಏರಿತು, ಎಸ್‌ಐಎನ್‌ಆರ್ ಅಲ್ಲೇ ನಿಂತಿತು: ಗದ್ದಲವೂ ಅದೇ ದಿಕ್ಕಿನಿಂದ ಬರುತ್ತಿದೆ, ಹಂತ 3ಕ್ಕೆ ಹಿಂತಿರುಗಿ. ಆಂಟೆನಾ ಕಳಚಿದರೂ ಹಾಕಿದರೂ ಅಂಕಿ ಅಲುಗುವುದಿಲ್ಲ: ಕನೆಕ್ಟರಿನ ಸೂಜಿ ನೋಡಿ, ರೂಟರ್ ಇನ್ನೂ ಒಳಗಿನ ಆಂಟೆನಾದಲ್ಲೇ ಇದೆಯೇ ಎಂದು ಸೆಟ್ಟಿಂಗ್‌ನಲ್ಲಿ ನೋಡಿ. ಪಿಸಿಐ ಗಂಟೆಗೆ ಹತ್ತು ಸಲ ಬದಲಾಗುತ್ತಿದೆ: ಎರಡು ಟವರಿನ ನಡುವೆ ಗುರಿ ಹಿಡಿದಿದ್ದೀರಿ. ಮಳೆ ಬಂದ ದಿನ ಕುಸಿದು, ಬಿಸಿಲು ಬಂದು ಎರಡು ದಿನದ ಮೇಲೆ ಸರಿಹೋಗುತ್ತದೆ: ಕನೆಕ್ಟರಿಗೆ ನೀರು ಹೊಕ್ಕಿದೆ. ಈ ಬ್ಯಾಂಡುಗಳಲ್ಲಿ ಮಳೆಹನಿ ತಿನ್ನುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಒದ್ದೆ ಎಲೆಗಳು ತಿನ್ನುತ್ತವೆ, ಆದರೆ ಅವು ಎರಡು ದಿನ ಒದ್ದೆಯಾಗಿರುವುದಿಲ್ಲ.

ಗೇನ್‌ನಿಂದ ಕೆಲಸ ಆಗಲಿಲ್ಲ ಎಂದು ಯಾರೋ ಸಿಗ್ನಲ್ ಬೂಸ್ಟರ್ ತೋರಿಸಿದರೆ ಬೇಡ ಎನ್ನಿ. ಅನುಮತಿ ಇಲ್ಲದ ಬೂಸ್ಟರ್ ಹಾಕುವುದು ನಮ್ಮ ದೇಶದಲ್ಲಿ ಅಪರಾಧ. ಅದು ಎಲ್ಲ ದಿಕ್ಕಿನ ಗದ್ದಲವನ್ನೂ ಸೇರಿಸಿ ಎತ್ತಿ ಟವರಿನ ಕಡೆಗೇ ಕೂಗುತ್ತದೆ, ಇಡೀ ಊರಿನ ಸಂಪರ್ಕ ಕೆಡಬಹುದು.

ಎಲ್ಲ ಬಿಗಿದ ಮೇಲೆ ಕಂಬಕ್ಕೂ ಕ್ಲಾಂಪಿಗೂ ಸೇರುವಂತೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮಳೆಗಾಲ ಮುಗಿದ ಮೇಲೆ ಗೆರೆ ಎರಡು ತುಂಡಾಗಿ ಕಂಡರೆ ಗಾಳಿ ಆಂಟೆನಾವನ್ನು ತಿರುಗಿಸಿದೆ ಎಂದರ್ಥ. ಗೆರೆ ಕೂಡಿಸಿ, ನೋಟ್‌ಬುಕ್ ತೆಗೆದು ಹಂತ 6ರ ಅಂಕಿಗೆ ಹೋಲಿಸಿ ನೋಡಿ.